ಒಂದೇ ರಸ್ತೆ, 13 ನಿಮಿಷಗಳ ಅಂತರ

2011ರ ಏಪ್ರಿಲ್‌ನಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಮುಗಿಸಿದರು. ಅಲ್ಲಿಯವರೆಗೆ ಅಷ್ಟು ವೇಗವಾಗಿ ಯಾರೂ ಮ್ಯಾರಥಾನ್ ಓಡಿರಲಿಲ್ಲ. ಆದರೂ ಅದು ವಿಶ್ವದಾಖಲೆಯಾಗಲಿಲ್ಲ!

ಕಾರಣ, ರಸ್ತೆ. ಹಾಪ್‌ಕಿಂಟನ್‌ನಿಂದ ಬಾಸ್ಟನ್‌ವರೆಗೆ ಓಟ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಸಾಗುತ್ತದೆ. ಆರಂಭಕ್ಕಿಂತ ಅಂತ್ಯ ಸುಮಾರು 140 ಮೀಟರ್ ತಗ್ಗಿನಲ್ಲಿದೆ. ವಿಶ್ವದಾಖಲೆಗೆ ಈ ಇಳಿಕೆ 42 ಮೀಟರ್ ಮೀರುವಂತಿಲ್ಲ. ಸಾಲದ್ದಕ್ಕೆ ಅಂದು ಗಾಳಿಯೂ ಬೆನ್ನಿಗಿತ್ತು.

ಹಾಗೆಂದು ಹಾದಿ ಸಲೀಸಲ್ಲ. ಆರಂಭದ ಇಳಿಜಾರಿನಲ್ಲೇ ತೊಡೆಯ ಸ್ನಾಯುಗಳು ಸೋತಿರುತ್ತವೆ. 32ನೇ ಕಿಲೋಮೀಟರಿನ ಹೊತ್ತಿಗೆ ‘ಹಾರ್ಟ್‌ಬ್ರೇಕ್ ಹಿಲ್’ ಏರು ಎದುರಾಗುತ್ತದೆ.

2018ರಲ್ಲಿ ಹವೆ ಮುನಿಯಿತು. ಕೊರೆಯುವ ಚಳಿ, ಸುರಿಮಳೆ, ಮುಖಕ್ಕೆ ರಾಚುವ ಎದುರುಗಾಳಿ. ಜಪಾನಿನ ಯೂಕಿ ಕವಾಉಚಿ ಗೆದ್ದರು. ತಗುಲಿದ ಸಮಯ 2 ಗಂಟೆ 15 ನಿಮಿಷ 58 ಸೆಕೆಂಡು. ಮುಟಾಯ್‌ಗಿಂತ ಸುಮಾರು 13 ನಿಮಿಷ ಹೆಚ್ಚು.