ತೂಗಿ ಕೊಟ್ಟ ನೂಲು

ದುಡಿಯುವ ಸ್ಥಳದಲ್ಲಿ ಕಸವನ್ನು ತಗ್ಗಿಸುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಕಚೇರಿಯ ಮೇಜಿನಡಿಯ ಕಾಗದದ ಬುಟ್ಟಿಯಲ್ಲ. ಇಳಕಲ್ಲಿನ ಒಂದು ಮಗ್ಗದ ಮನೆಯಲ್ಲಿ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಬಟ್ಟೆಯ ಚೀಲ. ಅದರ ತುಂಬ ತುಂಡು ನೂಲು.

ಇಳಕಲ್ಲ ಸೀರೆಯನ್ನು ಉಟ್ಟವರು, ಕಂಡವರು ನಿಮ್ಮಲ್ಲಿ ಅನೇಕರಿರಬಹುದು. ಅದರ ಮೈ ಬಹುಮಟ್ಟಿಗೆ ಹತ್ತಿಯದು. ಸೆರಗು, ದಡಿ ರೇಷ್ಮೆಯವು, ಇಲ್ಲವೆ ಕೃತಕ ರೇಷ್ಮೆಯವು. ಸೆರಗಿನ ಆ ದಟ್ಟವಾದ ಕೆಂಪನ್ನು ಮೆಚ್ಚುವ ನಾವು ಅದು ಅಲ್ಲಿಗೆ ಹೇಗೆ ಬಂದಿತೆಂದು ಕೇಳುವುದಿಲ್ಲ. ಬಟ್ಟೆ ಅಷ್ಟು ಕೆಂಪಾಗಬೇಕಾದರೆ ಹಾಸೂ ಕೆಂಪಾಗಿರಬೇಕು, ಹೊಕ್ಕೂ ಕೆಂಪಾಗಿರಬೇಕು. ಸಾಮಾನ್ಯ ಮಗ್ಗದಲ್ಲಿ ಹಾಸಿನ ಎಳೆ ಈ ತುದಿಯಿಂದ ಆ ತುದಿಯವರೆಗೆ ಒಂದೇ. ಆದುದರಿಂದ ಸೆರಗಿಗೆಂದು ಹಾಕಿದ ರೇಷ್ಮೆ ಸೀರೆಯ ಉದ್ದಕ್ಕೂ ಓಡಬೇಕಾಗುತ್ತದೆ. ಇಳಕಲ್ಲಿನ ನೇಕಾರ ಹಾಗೆ ಓಡಗೊಡುವುದಿಲ್ಲ. ಮೈಯ ಹಾಸನ್ನು ಬೇರೆಯಾಗಿ, ಸೆರಗಿನ ಹಾಸನ್ನು ಬೇರೆಯಾಗಿ ಸಿದ್ಧಪಡಿಸಿಕೊಂಡು, ಒಂದರ ಎಳೆಯ ಕುಣಿಕೆಯೊಳಗೆ ಮತ್ತೊಂದರ ಎಳೆಯ ಕುಣಿಕೆಯನ್ನು ತೊಡಿಸುತ್ತ ಹೋಗುತ್ತಾನೆ. ಇದಕ್ಕೆ ಕೊಂಡಿ ಹಾಕುವುದೆಂದು ಹೆಸರು. ಆರು ಗಜದ ಸೀರೆಯೆಂದರೆ 216 ಅಂಗುಲ. ಸೆರಗು ಸಾಮಾನ್ಯವಾಗಿ 16ರಿಂದ 27 ಅಂಗುಲ. ಎಷ್ಟು ದೊಡ್ಡದಾದರೂ ಸೀರೆಯ ಎಂಟನೆಯ ಒಂದು ಪಾಲು. ಉಳಿದ ಏಳು ಪಾಲಿನಲ್ಲಿ ದಡಿಯನ್ನು ಬಿಟ್ಟರೆ ರೇಷ್ಮೆಯ ಹಾಸಿಗೆ ಕೆಲಸವಿಲ್ಲ.

ಆದರೆ ಈ ಉಳಿತಾಯ ಬಿಟ್ಟಿಯಾಗಿ ಬಂದುದಲ್ಲ. ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು, ಸಾವಿರಾರು ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಬೇಕು. ಒಬ್ಬರ ಕೈಗೆ ಒಗ್ಗುವ ಕೆಲಸವಲ್ಲ. ಮನೆಯ ಹೆಣ್ಣುಮಕ್ಕಳು, ಮುದುಕರು ಎದುರು ಕೂಡಬೇಕು. ರೇಷ್ಮೆ ಉಳಿಯಿತು, ಕಣ್ಣು ಸವೆಯಿತು. ಕಸ ತಗ್ಗಿಸುವ ಉಪಾಯಗಳನ್ನು ಹೊಗಳುವಾಗ ಈ ಲೆಕ್ಕದ ಎರಡನೆಯ ಪುಟವನ್ನು ನಾವು ತಿರುವಿಹಾಕುವುದಿಲ್ಲ.

ನಾನು ಕುಳಿತಿದ್ದ ಮನೆಯಲ್ಲಿ ಕುಣಿಮಗ್ಗ. ನೇಯುವವರು ಕುಣಿಯೊಳಗೆ ಕಾಲಿಳಿಸಿ ಕುಳಿತಿದ್ದರು. ಅವರ ಮನೆಯವರು ಬಾಗಿಲ ಬೆಳಕಿನಲ್ಲಿ ಕಂಡಿಕೆ ಸುತ್ತುತ್ತಿದ್ದರು. ಹರಿದ ಎಳೆ, ಹಾಸು ಮುಗಿದಾಗ ಹಣಿಗೆಯ ಹಿಂದೆ ನೇಯಲಾಗದೆ ಉಳಿದ ಗೇಣುದ್ದದ ನೂಲು, ಇವೆಲ್ಲ ಆ ಗೂಟದ ಚೀಲಕ್ಕೆ ಹೋಗುತ್ತಿದ್ದವು. ಎಂತಹ ಮಿತವ್ಯಯವೆಂದು ನಾನು ಪಟ್ಟಣದವನ ಉತ್ಸಾಹದಿಂದ ಹೊಗಳಿದೆ. ಅವರು ಲಾಳಿ ನಿಲ್ಲಿಸಿ ನನ್ನ ಕಡೆ ನೋಡಿದರು.

“ನೂಲು ತೂಗಿ ಕೊಡ್ತಾರ್ರಿ, ಸೀರಿ ತೂಗಿ ಇಸ್ಕೋತಾರ. ತೂಕದಾಗ ಕಮ್ಮಿ ಬಂದ್ರ ಕೂಲಿಯಾಗ ಹಿಡೀತಾರ. ಈ ಚೀಲಾನೂ ಒಯ್ದು ತೋರಸ್ಬೇಕ್ರಿ.”

ನಾನು ಗುಣವೆಂದು ಭಾವಿಸಿದ್ದು ಅಲ್ಲಿ ಸಾಕ್ಷ್ಯವಾಗಿತ್ತು. ಸ್ವಂತ ಬಂಡವಾಳವಿಲ್ಲದೆ ಬೇರೆಯವರ ನೂಲನ್ನು ನೇಯುವವನಿಗೆ ಕಸವೆಂದರೆ ಸಾಲ. ಲೆಕ್ಕವಿದ್ದಲ್ಲಿ ಕಸ ಕಡಿಮೆಯಾಗುತ್ತದೆಂಬುದು ನಿಜ. ಆ ಲೆಕ್ಕ ಯಾರ ತಲೆಯ ಮೇಲೆ ಬೀಳುತ್ತದೆಂಬುದು ಬೇರೆ ಮಾತು. ಸಹಜವಾಗಿ ಹೋಗುವ ನೂಲಿಗೆ ಇಂತಿಷ್ಟು ಬಿಡುವೆಂದು ಮೊದಲೇ ಬರೆದುಕೊಟ್ಟರೆ ಚೀಲವೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ.

ಅದೇ ಊರಿನ ಇನ್ನೊಂದು ಕಸುಬಿನಲ್ಲಿ ತಕ್ಕಡಿಯೇ ಬೇರೆ. ಇಳಕಲ್ಲಿನ ಸುತ್ತಣ ನೆಲದಲ್ಲಿ ದೊರೆಯುವ ಕೆಂಪು ಗ್ರಾನೈಟು ಹೊರದೇಶಗಳಲ್ಲಿಯೂ ಹೆಸರಾದದ್ದು. ದಿಮ್ಮಿಯಲ್ಲಿ ಒಂದು ಬಿರುಕು, ಒಂದು ಬೇರೆ ಬಣ್ಣದ ಗೆರೆ ಕಂಡರೆ ಸಾಕು, ಅದು ಬೇಡದ ಕಲ್ಲು. ಹೀಗೆ ಬೇಡವಾದ ಕಲ್ಲು ಗಣಿಯ ಬದಿಯಲ್ಲಿ ಗುಡ್ಡವಾಗಿ ಬೀಳುತ್ತದೆ. ಹಲಗೆ ಕೊಯ್ಯುವ ಕಾರ್ಖಾನೆಯಲ್ಲಿ ಗರಗಸಕ್ಕೆ ಬಿಟ್ಟ ನೀರು ಕಲ್ಲಿನ ಹಿಟ್ಟನ್ನು ಹೊತ್ತುಕೊಂಡು ಕೆಸರಾಗಿ ಹರಿಯುತ್ತದೆ. ಬಿಸಿಲಿಗೆ ಒಣಗಿ ಗಾಳಿಗೆ ಏಳುತ್ತದೆ. ಅದನ್ನು ಯಾರ ಕೂಲಿಯಲ್ಲಿಯೂ ಹಿಡಿಯುವುದಿಲ್ಲ. ಆದುದರಿಂದ ಯಾರೂ ತೂಗುವುದಿಲ್ಲ. ಕೆಸರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ತಿಳಿಯಾದ ನೀರನ್ನು ಮತ್ತೆ ಗರಗಸಕ್ಕೆ ಬಿಡಬಹುದು. ತುಂಡುಗಳಿಂದ ಅಂಗಳದ ಹಾಸುಗಲ್ಲು, ಗೋಡೆಯ ಕಲ್ಲು, ರಸ್ತೆಯ ಜಲ್ಲಿ ಆಗುತ್ತವೆ. ಇವು ತಿಳಿಯದ ವಿದ್ಯೆಗಳೇನಲ್ಲ. ಇಲ್ಲಿಂದ ಹೆಚ್ಚು ದೂರವಿಲ್ಲದ ಐಹೊಳೆಯಲ್ಲಿ ಹಿಂದೆ ಜನ ಗುಡಿಗಳನ್ನೇ ಮನೆ ಮಾಡಿಕೊಂಡಿದ್ದರು. ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಅದರಲ್ಲಿ ವಾಸವಾಗಿದ್ದವನಿಂದ. ಪ್ರಾಚ್ಯಶಾಸ್ತ್ರಜ್ಞರಿಗೆ ಇದು ಹಿಡಿಸಲಾರದು. ನನಗೂ ಪೂರ್ತಿಯಾಗಿ ಹಿಡಿಸಿಲ್ಲ. ಆದರೂ ಕಡೆದ ಕಲ್ಲು ಬರಿದೆ ಬೀಳಬಾರದೆಂಬ ಬುದ್ಧಿ ಈ ಸೀಮೆಗೆ ಹೊಸದಲ್ಲವೆನ್ನುವುದಕ್ಕೆ ಹೇಳಿದೆ.

ಮಗ್ಗದ ಮನೆಗಳನ್ನೂ ಪೂರಾ ಹೊಗಳಲಾರೆ. ನೂಲನ್ನು ಎಳೆಯೆಳೆಯಾಗಿ ಎಣಿಸುವ ಕಸುಬಿನಲ್ಲಿ ಬಣ್ಣದ ನೀರನ್ನು ಎಣಿಸುವುದಿಲ್ಲ. ಬಣ್ಣ ಹಾಕಿ ಜಾಲಿಸಿದ ನೀರು ಮೋರಿಯಲ್ಲಿ ಕೆಂಪಾಗಿ, ಹಸುರಾಗಿ ಹೋಗುವುದನ್ನು ಅಂದೇ ಕಂಡೆ. ಹತ್ತು ಮನೆಯವರು ಕೂಡಿ ಒಂದು ಕಡೆ ಬಣ್ಣ ಹಾಕಿದರೆ ಆ ನೀರನ್ನು ಶುದ್ಧಿ ಮಾಡುವ ಖರ್ಚು ಹೊರಬಹುದಾದೀತು. ಒಂಟಿ ಮನೆಗೆ ಅದು ಆಗದ ಮಾತು.

ಏಳುವಾಗ ಚೀಲವನ್ನು ಸಾಹುಕಾರರಿಗೆ ತೋರಿಸಿದ ಮೇಲೆ ಏನು ಮಾಡುವಿರೆಂದು ಕೇಳಿದೆ. ಉತ್ತರ ಬಾಗಿಲಿನಿಂದ ಬಂದಿತು. “ಕೌದಿಗ್ರಿ” ಎಂದು ಆ ತಾಯಿ ಮೂಲೆಯ ಗಂಟನ್ನು ಬಿಚ್ಚಿ ತೋರಿಸಿದರು. ಉಟ್ಟು ಹಳತಾದ ಸೀರೆಗಳನ್ನು ಒಂದರ ಮೇಲೊಂದು ಹರವಿ, ಚೀಲದ ತುಂಡು ನೂಲನ್ನು ಹುರಿಮಾಡಿ ಅಂಚಿನಿಂದ ಹೊಲಿಯುತ್ತ ಬಂದಿದ್ದರು. ಹೊಲಿಗೆ ನಡುವಿನವರೆಗೆ ಬಂದು ನಿಂತಿತ್ತು. ಇನ್ನೊಂದು ಹಾಸು ಮುಗಿಯಬೇಕು, ನೂಲು ಸಾಲದು ಎಂದರು.