ಮೊದಲ ಕ್ಯಾಮೆರಾ: ದುಡ್ಡು ಬಾಡಿಗೋ, ಲೆನ್ಸಿಗೋ?

ಹವ್ಯಾಸಕ್ಕೆಂದು ಮೊದಲ ಎಸ್‌ಎಲ್‌ಆರ್ ಕೊಳ್ಳುವವರು ಅಂಗಡಿಯಲ್ಲಿ ಕೇಳುವುದು ಮೆಗಾಪಿಕ್ಸೆಲ್ ಎಷ್ಟು ಅಂತ. ಕೇಳಬೇಕಾದದ್ದು, ಲೆನ್ಸ್ ಎಷ್ಟು ಬೆಳಕು ಒಳಗೆ ಬಿಡುತ್ತದೆ ಅಂತ. ಜೊತೆಗೆ ಬರುವ 18–55 ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದರ ಅಪರ್ಚರ್ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ 1.8ರ 50 ಎಂಎಂ ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. ಸಂಜೆ ಟ್ಯೂಬ್‌ಲೈಟ್ ಕೆಳಗೆ ಆಡುವ ಮಗುವನ್ನು ಸೆಕೆಂಡಿನ 15ನೇ ಒಂದು ಭಾಗದಲ್ಲಿ ತೆಗೆದರೆ ಮುಖ ಕಲಸಿಹೋಗುತ್ತದೆ. ಈ ಲೆನ್ಸಿನಲ್ಲಿ ಅದೇ ಐಎಸ್‌ಒಗೆ 125ನೇ ಒಂದು ಭಾಗ ಸಾಕು. ಕಣ್ಣಿನ ಮೇಲೆ ಫೋಕಸ್ ಮಾಡಿ, ಅಷ್ಟೇ. ಹತ್ತಿರದಿಂದ ತೆಗೆದರೆ ಕಿವಿಯೇ ಮಸುಕಾದೀತು.

ಜೂಮ್ ಇಲ್ಲವಲ್ಲ ಎನ್ನುತ್ತೀರಿ. ನಿಜ. ಕ್ಯಾನನ್‌ನ ಆರಂಭಿಕ ಬಾಡಿಗಳ ಸಣ್ಣ ಸೆನ್ಸರ್ ಮೇಲೆ 50 ಎಂಎಂ ಕೊಡುವ ನೋಟ 80 ಎಂಎಂನಷ್ಟು ಇಕ್ಕಟ್ಟು. ನಡುಮನೆಯ ಗುಂಪು ಫೋಟೋಗೆ ಕಿಟ್ ಲೆನ್ಸೇ ಬೇಕು, ಅದನ್ನು ಮಾರಬೇಡಿ. ಇನ್ನು, ಮಿರರ್‌ಲೆಸ್ ಕಾಲದಲ್ಲಿ ಎಸ್‌ಎಲ್‌ಆರ್ ಯಾಕೆ? ಹೊಸ ಮಾದರಿಗಳೆಲ್ಲ ಅತ್ತ ಹೋಗಿವೆ, ಹಾಗೆಂದೇ ಸೆಕೆಂಡ್ ಹ್ಯಾಂಡ್ ಬಾಡಿಗಳು ಕೈಗೆಟುಕುತ್ತಿವೆ. ಕಲಿಯಲು ಅವು ಧಾರಾಳ ಸಾಕು. ಕ್ಯಾನನ್ 1987ರಲ್ಲಿ ತಂದ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಅದರ ಮಿರರ್‌ಲೆಸ್ ಬಾಡಿಯಲ್ಲೂ ಆಟೋಫೋಕಸ್ ಮಾಡುತ್ತವೆ. ಹಾಕಿದ ದುಡ್ಡು ನೀರುಪಾಲಲ್ಲ.

ನಿಕಾನ್ ಕೊಳ್ಳುವವರು ಮಾತ್ರ ಹುಷಾರು: ಡಿ3000, ಡಿ5000 ಸಾಲಿನ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ ಎಎಫ್-ಡಿ ಬೇಡ, ಎಎಫ್-ಎಸ್ ಎಂದು ಬರೆದಿರುವ ಲೆನ್ಸನ್ನೇ ಕೇಳಿ ತೆಗೆದುಕೊಳ್ಳಿ.