ಮೋಟಾರು ಸೈಕಲ್ಲಿನ ಎ.ಬಿ.ಎಸ್. ಬ್ರೇಕು

ನಮ್ಮ ದೇಶದಲ್ಲಿ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಮೋಟಾರು ಸೈಕಲ್ಲುಗಳಿಗೆ 2019ನೆಯ ಇಸವಿ ಏಪ್ರಿಲ್ 1ರಿಂದ ಎ.ಬಿ.ಎಸ್. ಎಂಬ ಬ್ರೇಕಿನ ಸಾಧನವು ಕಡ್ಡಾಯವಾಯಿತು. ಆದಕಾರಣ ಅನೇಕ ಗೃಹಸ್ಥರ ಮನೆಯಂಗಳದಲ್ಲಿ ಇಂತಹ ವಾಹನವು ನಿಂತಿರುವುದುಂಟು. ಅದನ್ನೇರುವ ತರುಣರಲ್ಲಿ ಅದರ ಸ್ವಭಾವವನ್ನು ಬಲ್ಲವರು ಮಾತ್ರ ವಿರಳ.

ಉರುಳುವ ಚಕ್ರಕ್ಕೆ ನೆಲದ ಮೇಲೆ ಹಿಡಿತವಿರುತ್ತದೆ. ಬ್ರೇಕನ್ನು ಬಲವಾಗಿ ಅದುಮಿದುದರಿಂದ ಚಕ್ರವು ಸ್ತಬ್ಧವಾಗಿ ಜಾರತೊಡಗಿತೆಂದರೆ ಆ ಹಿಡಿತವು ಕುಂದುತ್ತದೆ. ಮುಂದಿನ ಚಕ್ರಕ್ಕೆ ಈ ಗತಿಯಾದರಂತೂ ಸವಾರನು ಉರುಳುವುದು ಕ್ಷಣಮಾತ್ರದ ಕೆಲಸ. ಇದನ್ನು ತಪ್ಪಿಸುವುದಕ್ಕಾಗಿ ಚಕ್ರದ ಮಗ್ಗುಲಲ್ಲಿ ಕಂಡಿಗಳುಳ್ಳ ಒಂದು ಲೋಹದ ಬಳೆಯನ್ನೂ, ಅದರ ಸಮೀಪದಲ್ಲಿ ವೇಗವನ್ನರಿಯುವ ಸೆನ್ಸರನ್ನೂ ಇರಿಸಿದ್ದಾರೆ. ಚಕ್ರವು ನಿಂತುಬಿಡುವ ಸೂಚನೆ ಕಂಡೊಡನೆ ಯಂತ್ರವು ಬ್ರೇಕಿನ ಒತ್ತಡವನ್ನು ಸಡಿಲಿಸಿ ಮತ್ತೆ ಬಿಗಿಗೊಳಿಸುತ್ತದೆ, ಅದೂ ಒಂದು ಸೆಕೆಂಡಿನಲ್ಲಿ ಹಲವು ಬಾರಿ. ಕುಶಲನಾದ ಸಾರಥಿಯು ಲಗಾಮನ್ನು ಎಳೆದು ಸಡಿಲಿಸುವಂತೆಯೇ ಇದು. ಆದರೆ ಇಷ್ಟು ಚುರುಕು ಯಾವ ಸಾರಥಿಯ ಕೈಗೂ ಬಾರದು.

ಆಗ ಬ್ರೇಕಿನ ಲಿವರು ಬೆರಳುಗಳಡಿಯಲ್ಲಿ ನಾಡಿಯಂತೆ ಮಿಡಿಯುತ್ತದೆ. ಅರಿಯದವನು ಏನೋ ಮುರಿಯಿತೆಂದು ಬೆದರಿ ಕೈಬಿಡುತ್ತಾನೆ. ಎದುರಿಗೆ ದನವೋ ಮಗುವೋ ಅಡ್ಡಬಂದಿರುವಾಗ ಇದರಿಂದಾಗುವ ಅನರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಡಿತ ಕಂಡರೂ ಹಿಡಿದ ಬ್ರೇಕನ್ನು ವಾಹನವು ನಿಲ್ಲುವವರೆಗೆ ಬಿಡಕೂಡದು. ಹಿಂದಿನವರು ಕಲಿಸಿದ, ಬಿಟ್ಟು ಬಿಟ್ಟು ಅದುಮುವ ಕ್ರಮವು ಇಲ್ಲಿ ಸಲ್ಲದು. ಒಣಗಿದ, ನಿರ್ಜನವಾದ, ನೇರವಾದ ಹಾದಿಯಲ್ಲಿ ಮೆಲ್ಲಗೆ ಸಾಗುತ್ತ ಈ ಮಿಡಿತವನ್ನು ಕೈಗೆ ಮೊದಲೇ ಪರಿಚಯ ಮಾಡಿಕೊಟ್ಟಿರುವುದು ಲೇಸು.

ಸಡಿಲವಾದ ಜಲ್ಲಿಯ ಮೇಲೆ ನಿಲ್ಲುವುದಕ್ಕೆ ಇನ್ನೂ ಹೆಚ್ಚಿನ ದೂರವೇ ಬೇಕಾಗಬಹುದು. ತಿರುವಿನಲ್ಲಿ ವಾಲಿದ ವಾಹನವು ಜಾರಲಾರದೆಂಬ ಭರವಸೆಯೂ ಇಲ್ಲ. ಅನೇಕ ವಾಹನಗಳಲ್ಲಿ ಈ ರಕ್ಷೆಯು ಮುಂದಿನ ಚಕ್ರಕ್ಕೆ ಮಾತ್ರ ಇರುವುದರಿಂದ, ಕೊಳ್ಳುವಾಗಲೇ ವಿಚಾರಿಸಿ ತಿಳಿಯತಕ್ಕದ್ದು. ಸವೆದ ಟೈರಿಗೆ ಯಾವ ಸಾಧನವೂ ಹಿಡಿತವನ್ನು ಕೊಡಲಾರದು.

ಇನ್ನು ಪಾಲನೆಯ ವಿಚಾರ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿ ಕೆಡುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ, ಕೈಪಿಡಿಯಲ್ಲಿ ಹೇಳಿದ ಜಾತಿಯದನ್ನೇ ಹಾಕಿಸಬೇಕು. ಬಳೆಗೂ ಸೆನ್ಸರಿಗೂ ಮೆತ್ತಿದ ಕೆಸರನ್ನು ಮೃದುವಾಗಿ ತೊಳೆಯಬೇಕು. ಕೀಲಿ ತಿರುಗಿಸಿದಾಗ ಹೊತ್ತುವ ಎ.ಬಿ.ಎಸ್. ದೀಪವು ವಾಹನವು ಸ್ವಲ್ಪ ದೂರ ಸಾಗಿದ ಮೇಲೆ ಆರಬೇಕು. ಆರದಿದ್ದರೆ ಬ್ರೇಕು ಹಿಡಿಯುವುದು ನಿಜ, ಎ.ಬಿ.ಎಸ್.ನ ರಕ್ಷೆ ಮಾತ್ರ ಇಲ್ಲವೆಂದು ತಿಳಿದು ನಿಧಾನವಾಗಿ ರಿಪೇರಿಗೆ ಒಯ್ಯಬೇಕು. ಪಂಕ್ಚರಿಗಾಗಿ ಚಕ್ರವನ್ನು ಕಳಚಿ ಜೋಡಿಸಿದ ದಿನ, ಬಳೆಯು ಬಾಗಿಲ್ಲವೆಂಬುದನ್ನೂ ದೀಪವು ಆರುವುದನ್ನೂ ನೋಡಿಕೊಂಡ ಮೇಲೆಯೇ ಅಂಗಡಿಯವನಿಗೆ ಹಣ ಕೊಡುವುದು.